ಇಲ್ಲದ ಪರೀಕ್ಷೆಗೆ ಓದುತ್ತಿರುವವಳ ಬಹಿರಂಗ ಪತ್ರ

ರಾಜ್ಯದ ಶಿಕ್ಷಣ ಸಚಿವರಿಗೆ, ಲೋಕ ಶಿಕ್ಷಣದ ಕೆಲಸ ನೋಡಿಕೊಳ್ಳುವ ಅಧಿಕಾರಿಗಳಿಗೆ, ಮತ್ತೆ ಪುರುಸೊತ್ತಿದ್ದರೆ ನಮ್ಮ ಊರಿನವರಿಗೂ,

ನಮಸ್ಕಾರ.

ಎಂಟು ತಿಂಗಳಿಂದ ನಾನು ಒಂದು ಪರೀಕ್ಷೆಗೆ ಓದುತ್ತಿದ್ದೇನೆ. ರಾತ್ರಿ ಪಾತ್ರೆ ತೊಳೆದು, ಅಡುಗೆಮನೆಯ ಲೈಟು ಆರಿಸುವ ಮೊದಲು, ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂರುತ್ತೇನೆ. ಮಗ ನೋಡಿ ನೋಡಿ ಒಂದು ದಿನ ಕೇಳಿದ, "ಅಮ್ಮ, ಪರೀಕ್ಷೆ ಯಾವಾಗ?" ಇಲ್ಲ ಅಂದೆ. "ಮುಂದೆ ಹಾಕಿದ್ರಾ?" ಮುಂದೆಯೂ ಹಾಕಿಲ್ಲ ಮಾರಾಯ, ಪರೀಕ್ಷೆಯೇ ಇಲ್ಲ ಅಂದೆ. ಅವನು ಬಿದ್ದು ಬಿದ್ದು ನಕ್ಕ. ನೀವೂ ನಗಬಹುದು, ಆದರೆ ನಕ್ಕ ಮೇಲೆ ಪೂರ್ತಿ ಓದಿ.

ನಾನು ಓದುತ್ತಿರುವುದು ದೊಡ್ಡವರಿಗೆ ಓದು ಬರಹ ಲೆಕ್ಕ ಕಲಿಸುವ ಟೀಚರುಗಳ ಅರ್ಹತಾ ಪರೀಕ್ಷೆಗೆ. ಮಕ್ಕಳ ಟೀಚರುಗಳಿಗೆ ಟಿಇಟಿ ಇದ್ದ ಹಾಗೆ. ಅಂಥದ್ದು ನಮ್ಮಲ್ಲಿ ಇಲ್ಲ. ಅದನ್ನು ಶುರು ಮಾಡಿ ಅಂತ ಕೇಳಲಿಕ್ಕೇ ಈ ಪತ್ರ.

ನಾನು ಮಂಗಳೂರಿನ ಕೂಳೂರು ಕಡೆಯವಳು. 1998ರಲ್ಲಿ ಟಿ.ಸಿ.ಎಚ್. ಮುಗಿಸಿದೆ, ಪ್ರಾಥಮಿಕ ಶಾಲೆಯ ಟೀಚರಾಗಲು ಆಗ ಮಾಡುತ್ತಿದ್ದ ಕೋರ್ಸು. ಸರ್ಕಾರಿ ಕೆಲಸ ಸಿಗಲಿಲ್ಲ, ಒಂದು ಸೊಸೈಟಿಯಲ್ಲಿ ಕ್ಯಾಶಿಯರ್ ಆದೆ, ಈಗಲೂ ಅಲ್ಲೇ ಇದ್ದೇನೆ. ನನ್ನ ಮೇಜಿನ ಮೇಲೆ ಒಂದು ನೀಲಿ ಸ್ಟಾಂಪ್ ಪ್ಯಾಡ್ ಉಂಟು. ಸಾಲಕ್ಕೆ ಬಂದವರು ಅದರಲ್ಲಿ ಹೆಬ್ಬೆಟ್ಟು ಅದ್ದಿ, ಕಾಗದಕ್ಕೆ ಒತ್ತಿ, ಆಮೇಲೆ ಬೆರಳನ್ನು ಮೆಲ್ಲಗೆ ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ. ಯಾರೂ ನೋಡಬಾರದು ಅನ್ನುವ ಹಾಗೆ. ಇದನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ನಾಲ್ಕು ವರ್ಷದ ಹಿಂದೆ ಒಬ್ಬರು ಅಕ್ಕ ಹಾಗೆ ಒರೆಸಿಕೊಂಡವರು ಅಲ್ಲೇ ನಿಂತು, "ನೀವು ಟೀಚರಿಗೆ ಕಲಿತವರಂತೆ ಅಲ್ವಾ? ನನಗೊಂದು ಸೈನ್ ಹಾಕ್ಲಿಕ್ಕೆ ಹೇಳಿಕೊಡಿ" ಅಂದರು. ಹಾಗೆ ಶುರುವಾದದ್ದು. ಈಗ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಏಳರಿಂದ ಎಂಟೂವರೆ, ಅಂಗನವಾಡಿಯ ಕೋಣೆಯಲ್ಲಿ ಕ್ಲಾಸ್. ಹದಿನಾಲ್ಕು ಮಂದಿ ಇದ್ದಾರೆ. ಬೀಡಿ ಕಟ್ಟುವವರು ಒಂಬತ್ತು, ಮೀನು ಮಾರುವವರು ಇಬ್ಬರು, ಕೊಪ್ಪಳದಿಂದ ಬಂದು ಕಟ್ಟಡದ ಕೆಲಸ ಮಾಡುವ ಗಂಡ ಹೆಂಡತಿ, ಮತ್ತೆ ಮೊಮ್ಮಗನ ಶಾಲೆಯ ಡೈರಿ ಓದಬೇಕು ಅಂತ ಹಟ ಹಿಡಿದು ಬರುವ ಒಬ್ಬರು ಅಜ್ಜಿ.

ಆರು ತಿಂಗಳಾಗುವಾಗ ನನಗೇ ಗೊತ್ತಾಯಿತು, ನನಗೆ ಕಲಿಸಲಿಕ್ಕೆ ಬರುವುದಿಲ್ಲ. ಮಕ್ಕಳಿಗೆ ಕಲಿಸಬಲ್ಲೆ, ದೊಡ್ಡವರಿಗೆ ಆಗುವುದಿಲ್ಲ. ಹಾಗಾಗಿ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬೇಡ. ಅಲ್ಲಿದ್ದವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ಚಾ ತರಿಸಿದರು. ವಯಸ್ಕರಿಗೆ ಕಲಿಸುವುದಕ್ಕೆ ಎಂತಾದರೂ ತರಬೇತಿ, ಪುಸ್ತಕ, ಪರೀಕ್ಷೆ ಉಂಟಾ ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, "ನೀವು ಟಿ.ಸಿ.ಎಚ್. ಮಾಡಿದವರಲ್ವಾ ಮೇಡಂ, ಮುದುಕರಿಗೆ ಅ ಆ ಇ ಈ ಹೇಳಿಕೊಡ್ಲಿಕ್ಕೆ ಮತ್ತೆ ಎಂತ ತರಬೇತಿ?" ಅಂದರು. ಬರುವಾಗ ಒಂದು ಪ್ರಶಂಸಾ ಪತ್ರ ಕೊಟ್ಟರು. ಚಂದದ ಬಾರ್ಡರು, ದಪ್ಪ ಕಾಗದ. ಹೆಸರಿನ ಜಾಗ ಖಾಲಿ ಇತ್ತು. "ನೀವೇ ಬರ್ಕೊಳ್ಳಿ" ಅಂದರು. ಅದು ಇವತ್ತಿಗೂ ಖಾಲಿಯೇ ಉಂಟು, ನೋಟ್‌ಬುಕ್ಕಿನ ಒಳಗೆ.

ಟಿ.ಸಿ.ಎಚ್. ಬಗ್ಗೆ ನನಗೆ ಗೌರವ ಇದೆ. ಟಿಇಟಿಯನ್ನೂ ಬರೆದಿದ್ದೇನೆ, ಎರಡು ಸಲ. ಮೊದಲ ಸಲ 86 ಬಂತು, 90 ಬೇಕಿತ್ತು. ಎರಡನೇ ಸಲ ಪಾಸಾದೆ, ಅಷ್ಟರಲ್ಲಿ ನೇಮಕಾತಿಯ ವಯಸ್ಸು ದಾಟಿತ್ತು, ಇರಲಿ. ಆ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆ, ಎರಡೂವರೆ ಗಂಟೆ. ಅದರಲ್ಲಿ ಮೂವತ್ತು ಪ್ರಶ್ನೆ ಮಕ್ಕಳ ಬೆಳವಣಿಗೆ ಮತ್ತು ಕಲಿಕೆಯ ಬಗ್ಗೆ. ಪಠ್ಯಕ್ರಮದಲ್ಲೇ ಬರೆದಿದ್ದಾರೆ, ಈ ಭಾಗ 6ರಿಂದ 11 ವರ್ಷದ ಮಕ್ಕಳಿಗೆ ಸಂಬಂಧಪಟ್ಟದ್ದು ಅಂತ. ತಪ್ಪೇನಿಲ್ಲ. ಟಿಇಟಿ ಬಂದದ್ದೇ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಅನ್ನುವ ಮನೋವಿಜ್ಞಾನಿ ಹೇಳಿದ ನಾಲ್ಕು ಹಂತಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಹನ್ನೊಂದು ದಾಟಿದ ಮೇಲೆ ಕೊನೆಯ ಹಂತ ಶುರುವಾಗುತ್ತದೆ, ಅಲ್ಲಿಗೆ ಪುಸ್ತಕವೂ ಮುಗಿಯುತ್ತದೆ. ನನ್ನ ಕ್ಲಾಸಿನಲ್ಲಿ ಅತೀ ಚಿಕ್ಕವರಿಗೆ 34 ವರ್ಷ.

ಆ ಕಡೆ ನೋಡಿದರೆ ಕಲಿಯುವವರಿಗೆ ಪರೀಕ್ಷೆ ಉಂಟು. ಉಲ್ಲಾಸ್ ಅಂತ ಕೇಂದ್ರದ ಯೋಜನೆ, ನವಭಾರತ ಸಾಕ್ಷರತಾ ಕಾರ್ಯಕ್ರಮ, 2022ರಿಂದ 2027ರವರೆಗೆ, 1037.90 ಕೋಟಿ ರೂಪಾಯಿಯದ್ದು. ಹದಿನೈದು ದಾಟಿದ ಐದು ಕೋಟಿ ಮಂದಿಗೆ ಅಕ್ಷರ ಕಲಿಸುವ ಗುರಿ. ಕಲಿಸುವವರೆಲ್ಲ ನನ್ನ ಥರದ ಸ್ವಯಂಸೇವಕರು. ಕಲಿತವರು ಕೊನೆಗೆ ಒಂದು ಪರೀಕ್ಷೆ ಬರೆಯಬೇಕು. ಓದು 50, ಬರಹ 50, ಲೆಕ್ಕ 50, ಮೂರು ಗಂಟೆ. ಪಾಸಾದರೆ ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯ ಸರ್ಟಿಫಿಕೇಟು ಬರುತ್ತದೆ. ಒಂದನೇ ಕ್ಲಾಸಿನ ಟೀಚರಿಗೆ 150 ಅಂಕದ ಪರೀಕ್ಷೆ. 58 ವರ್ಷದ ಬೀಡಿ ಕಟ್ಟುವ ಅಕ್ಕನಿಗೂ 150 ಅಂಕದ ಪರೀಕ್ಷೆ. ಆ ಅಕ್ಕನಿಗೆ ಕಲಿಸುವ ನನಗೆ ಖಾಲಿ ಜಾಗದ ಪ್ರಶಂಸಾ ಪತ್ರ. ನನಗೆ ಸಂಬಳ ಬೇಡ ಸ್ವಾಮಿ, ಅದನ್ನು ನಾನು ಕೇಳುತ್ತಲೇ ಇಲ್ಲ.

ಪರೀಕ್ಷೆಯ ಯೋಚನೆ ಬಂದದ್ದು ನಮ್ಮ ದೊಡ್ಡಮ್ಮನ ಮಗಳಿಂದ. ಅಕ್ಕ ಇರುವುದು ಅಮೆರಿಕದ ಬೋಸ್ಟನ್ ಹತ್ತಿರ. ಅಲ್ಲಿ ಬೇರೆ ಬೇರೆ ದೇಶದಿಂದ ಬಂದ ದೊಡ್ಡವರಿಗೆ, ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಸಂಜೆ ಕ್ಲಾಸ್ ತೆಗೆದುಕೊಳ್ಳುತ್ತಾಳೆ. ಅವಳಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಯಸ್ಕರ ಮೂಲ ಶಿಕ್ಷಣ ಅಂತಲೇ ಟೀಚರುಗಳಿಗೆ ಬೇರೆ ಲೈಸೆನ್ಸ್ ಇದೆ, ಅದಕ್ಕೆ ಬೇರೆ ಪರೀಕ್ಷೆ. ನೂರರಿಂದ ಮುನ್ನೂರರವರೆಗಿನ ಅಳತೆಯಲ್ಲಿ 240 ತೆಗೆದರೆ ಪಾಸು. ಗುರುತು ಹಾಕುವ ಪ್ರಶ್ನೆಗಳೂ ಇವೆ, ಬರೆದು ಉತ್ತರಿಸುವ ಪ್ರಶ್ನೆಗಳೂ ಇವೆ. ಇದರ ಜೊತೆ ಭಾಷೆ ಮತ್ತು ಬರವಣಿಗೆಯದ್ದು ಇನ್ನೊಂದು ಪರೀಕ್ಷೆ. ಆ ಲೈಸೆನ್ಸ್ ಕಡ್ಡಾಯ ಅಲ್ಲ, ಬೇಕಾದವರು ತೆಗೆದುಕೊಳ್ಳುವುದು. ಅವಳು ಅದಕ್ಕೆ ಓದುತ್ತಿದ್ದ ದಿನಗಳಲ್ಲಿ ನನಗೆ ಫೋನ್ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಅವರಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಹಾಗಾಗಿ ಅವಳ ಕಾಫಿ ಹೊತ್ತಿಗೆ ನನ್ನ ಪಾತ್ರೆ ತೊಳೆಯುವ ಹೊತ್ತು. ತಾನು ಓದಿದ್ದನ್ನು ನನಗೆ ಹೇಳಿ ಗಟ್ಟಿ ಮಾಡಿಕೊಳ್ಳುವುದು ಅವಳ ಲೆಕ್ಕ. ಕೇಳಿ ಕೇಳಿ ನನಗೇ ಹೊಟ್ಟೆಕಿಚ್ಚಾಯಿತು. ಲೈಸೆನ್ಸಿನ ಮೇಲಲ್ಲ. ಅವಳ ಕೈಯಲ್ಲೊಂದು ಪಠ್ಯಕ್ರಮ ಇತ್ತಲ್ಲ, ಅದರ ಮೇಲೆ.

ಯಾಕಂದರೆ ಅವಳು ಆ ಪುಸ್ತಕ ಹಿಡಿದು ಕೇಳಿದ ಮೊದಲ ಪ್ರಶ್ನೆಯಲ್ಲೇ ನಾನು ಫೇಲಾದೆ. "ನಿನ್ನ ಕ್ಲಾಸಿಗೆ ಬರುವವರ ಕಣ್ಣು ಪರೀಕ್ಷೆ ಮಾಡಿಸಿದ್ದೀಯಾ?" ಅಂತ ಕೇಳಿದಳು.

ಮಾಡಿಸಿರಲಿಲ್ಲ. ಅದರ ಕಥೆ ಸ್ವಲ್ಪ ಹೇಳಬೇಕು. ಆ 58 ವರ್ಷದ ಅಕ್ಕ ಮೂರು ವಾರ ಬಂದರೂ 'ಬ' ಮತ್ತು 'ಚ' ಬೇರೆ ಮಾಡುತ್ತಿರಲಿಲ್ಲ. ಪುಸ್ತಕ ಕೈಗೆ ಕೊಟ್ಟರೆ ದೂರ ಹಿಡಿಯುತ್ತಿದ್ದರು, ಮತ್ತೆ ಹತ್ತಿರ, ಮತ್ತೆ ದೂರ. ಕೊನೆಗೆ ಮಡಿಲಲ್ಲಿ ಇಟ್ಟುಕೊಂಡು, "ಎಂಕ್ ಆಪುಜಿ ಟೀಚರೇ" ಅನ್ನುತ್ತಿದ್ದರು, ನನ್ನಿಂದಾಗುವುದಿಲ್ಲ ಅಂತ. ನಾನು ಮಕ್ಕಳಿಗೆ ಹೇಳುವ ಹಾಗೆ "ಆಗ್ತದೆ, ಆಗ್ತದೆ, ಇನ್ನೊಂದ್ಸಲ ತಿದ್ದಿ" ಅನ್ನುತ್ತಿದ್ದೆ. ಅವರು ತಿದ್ದುತ್ತಿದ್ದರು. ಪಾಪ, ಮೂರು ವಾರ. ಬೋಸ್ಟನ್ನಿನ ಅಕ್ಕನ ಫೋನ್ ಬಂದ ಮರುದಿನ ನನ್ನ ಚಾಳೀಸು ತೆಗೆದು ಅವರ ಮೂಗಿನ ಮೇಲೆ ಇಟ್ಟೆ. ಅವರು ಪುಸ್ತಕ ನೋಡಿದರು. ಪುಟವನ್ನು ಬೆರಳಿನಿಂದ ಒಮ್ಮೆ ಸವರಿದರು, ಧೂಳು ಹೋಯಿತೇನೋ ಅನ್ನುವ ಹಾಗೆ. ಆಮೇಲೆ ಒಂದೊಂದೇ ಅಕ್ಷರ ತೋರಿಸಿ ಏಳು ಅಕ್ಷರ ಸರಿಯಾಗಿ ಹೇಳಿದರು. ಎಲ್ಲಾ ಮೊದಲೇ ಕಲಿತಿದ್ದರು, ಕಾಣುತ್ತಿರಲಿಲ್ಲ ಅಷ್ಟೆ. ಬೀಡಿ ಕಟ್ಟಲಿಕ್ಕೆ ಕಣ್ಣು ಅಷ್ಟು ಬೇಕಾಗುವುದಿಲ್ಲ ಟೀಚರೇ, ಕೈಗೆ ಗೊತ್ತಿರ್ತದೆ ಅಂದರು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೇ ಅಲ್ವಾ ಕನ್ನಡಕಕ್ಕೆ ಚಾಳೀಸು ಅಂತ ಹೆಸರು ಬಂದದ್ದು. ಆದರೆ ಆರರಿಂದ ಹನ್ನೊಂದು ವರ್ಷದ ಮಕ್ಕಳ ಮನೋವಿಜ್ಞಾನ ಓದಿ ಬಂದವಳಿಗೆ ಅದು ಹೊಳೆಯಲಿಲ್ಲ.

ನನ್ನ ನೋಟ್‌ಬುಕ್ಕಿನ ಮೊದಲ ಪ್ರಶ್ನೆ ಇದೇ. 'ಕಲಿಯುವವರು ಪುಸ್ತಕವನ್ನು ದೂರ ಹಿಡಿಯುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ?' ಒಂದು ಅಂಕದ್ದಲ್ಲ, ಹತ್ತು ಅಂಕದ್ದು ಅಂತ ನಾನೇ ಬರೆದುಕೊಂಡಿದ್ದೇನೆ.

ಇನ್ನು ಭಾಷೆ. ಬೋಸ್ಟನ್ನಿನ ಅಕ್ಕ ಅಲ್ಲಿ ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಓದು ಕಲಿಸುವ ಕಷ್ಟ ಹೇಳುವಾಗ, ನಮ್ಮದು ಅದಲ್ಲ ಬಿಡು, ಕನ್ನಡ ನಾಡಿನಲ್ಲಿ ಕನ್ನಡ ಕಲಿಸುವುದು ಅಂತ ನಾನು ಸುಮ್ನೆ ಜಂಬ ಕೊಚ್ಚಿದ್ದೆ. ಆಮೇಲೆ ಎಣಿಸಿದೆ. ಹದಿನಾಲ್ಕು ಮಂದಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕೊಪ್ಪಳದ ಇಬ್ಬರು ಮಾತ್ರ. ಉಳಿದವರದ್ದು ತುಳು, ಬ್ಯಾರಿ, ಒಬ್ಬರದ್ದು ಕೊಂಕಣಿ. ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಅಕ್ಷರ ಕೂಡಿಸಿ ಓದುವಾಗ ಬಾಯಿಗೆ ಬರುವುದು ಮನೆಯ ಮಾತು. ಒಂದು ದಿನ ಬೋರ್ಡಿನ ಮೇಲೆ 'ಸಕ್ಕರೆ ಇಲ್ಲ' ಅಂತ ಬರೆದೆ, ರೇಷನ್ ಅಂಗಡಿಯಲ್ಲಿ ನೇತು ಹಾಕುವ ಬೋರ್ಡಿನ ಹಾಗೆ. ಮೀನು ಮಾರುವ ಅಕ್ಕ ನಿಧಾನಕ್ಕೆ ಕೂಡಿಸಿ ಓದಿದರು, "ಸಕ್ಕರೆ... ಇಲ್ಲ್". ಓದಿ, ಸಕ್ಕರೆಯಲ್ಲಿ ಮನೆ ಕಟ್ಟಿದ್ದಾರಾ ಅಂತ ನಕ್ಕರು. ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಕನ್ನಡದ ಇಲ್ಲ ಅನ್ನುವುದಕ್ಕೆ ತುಳುವಿನಲ್ಲಿ ಇಜ್ಜಿ. ಅಕ್ಷರ ಪೂರ್ತಿ ಸರಿ, ಅರ್ಥ ಪೂರ್ತಿ ಉಲ್ಟಾ. ಇದನ್ನು ತಪ್ಪು ಅಂತ ಗುರುತು ಹಾಕಬೇಕಾ, ಸರಿ ಅಂತ ಹಾಕಬೇಕಾ? ನಾನು ಸರಿ ಹಾಕಿ, ಪಕ್ಕದಲ್ಲೊಂದು ಮನೆಯ ಚಿತ್ರ ಬರೆದೆ. ಇನ್ನೊಬ್ಬ ಟೀಚರ್ ತಪ್ಪು ಹಾಕಿದ್ದರೆ ಆ ಅಕ್ಕ ಮರುದಿನ ಬರುತ್ತಿದ್ದರೋ ಇಲ್ಲವೋ. ಕರಾವಳಿಯಲ್ಲಿ ಕಲಿಸುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಿಕೊಡಬೇಕಲ್ವಾ?

ಇನ್ನೊಂದು ಹೇಳಲೇಬೇಕು, ಇದು ನನ್ನ ಹೆಮ್ಮೆಯ ವಿಷಯ.

ಮೊದಮೊದಲು ನಾನು ಅ ಅರಸ, ಆ ಆನೆ ಅಂತಲೇ ಶುರು ಮಾಡಿದ್ದೆ. ಆಮೇಲೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿಕಲಿಯ ಕ್ರಮ ಹಿಡಿದೆ, ರ ಗ ಸ ದ ಅ. ಮಕ್ಕಳಿಗೆ ಅದು ಚಂದ. ಇವರು ನೋಡುತ್ತಿದ್ದರು, ತಿದ್ದುತ್ತಿದ್ದರು, ಆಕಳಿಸುತ್ತಿದ್ದರು. ಬೋಸ್ಟನ್ನಿನ ಅಕ್ಕ ಹೇಳಿದ ಹೆಸರುಗಳಲ್ಲಿ ಬ್ರೆಜಿಲಿನ ಪಾವ್ಲೊ ಫ್ರೇರೆ ಅಂತ ಒಂದಿತ್ತು. 1960ರ ದಶಕದಲ್ಲಿ ಅವರು ಕೂಲಿಯವರಿಗೆ ಓದು ಕಲಿಸಿದ್ದು ಹೇಗಂದರೆ, ವರ್ಣಮಾಲೆ ಬದಿಗಿಟ್ಟು, ಕೂಲಿಯವರ ಬಾಯಲ್ಲಿ ದಿನಾ ಬರುವ ಮಾತು ಆರಿಸಿ, ಅದರ ಬಗ್ಗೆ ಮೊದಲು ಮಾತಾಡಿಸಿ, ಆಮೇಲೆ ಆ ಮಾತನ್ನೇ ತುಂಡು ಮಾಡಿ, ತುಂಡುಗಳಿಂದ ಬೇರೆ ಮಾತು ಕಟ್ಟುವುದು. ಅವರದ್ದೊಂದು ಪ್ರಸಿದ್ಧ ಉದಾಹರಣೆ 'ತಿಜೊಲೊ', ಅಂದರೆ ಇಟ್ಟಿಗೆ. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಟ್ಟಿಗೆ ನಮ್ಮಲ್ಲಿ ಬೇಡ, ಇವರ ಮಡಿಲಲ್ಲೇ ಇರುವ ಮಾತು ಉಂಟಲ್ಲ.

ಬುಧವಾರ ಬೋರ್ಡಿನ ಮೇಲೆ ಬರೆದೆ, ಬೀಡಿ. ಬರೀ ಎರಡು ಅಕ್ಷರ. ಕೆಳಗೆ ಬ ಬಾ ಬಿ ಬೀ ಬು ಬೂ ಬೆ ಬೇ. ಅದರ ಕೆಳಗೆ ಡ ಡಾ ಡಿ ಡೀ ಡು ಡೂ. ಈಗ ನೀವೇ ಜೋಡಿಸಿ, ಯಾವ ಮಾತು ಬರುತ್ತದೆ ನೋಡುವ ಅಂದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಕೊಪ್ಪಳದ ಅಣ್ಣ 'ಬಡ' ಅಂದರು. ಬೀಡಿ ಅಕ್ಕಂದಿರಲ್ಲೊಬ್ಬರು 'ಬಿಡಿ'. 'ಬುಡ' ಬಂತು, 'ಬಾಡಿ' ಬಂತು, 'ಬೀಡು' ಬಂತು. ಅಜ್ಜಿ ಎದ್ದು ಬಂದು, ಬೋರ್ಡಿನ ಹತ್ತಿರ ನಿಂತು, ಬೆರಳಿಟ್ಟು, 'ಬೇ'... 'ಡ'... "ಬೇಡ!" ಅಂದರು. ಎರಡೇ ಅಕ್ಷರದ ಮನೆಯಿಂದ ಆರು ಮಾತು ಹೊರಟಿತು. ನಮ್ಮ ಕಾಗುಣಿತಕ್ಕೆ ಇಂಥ ಶಕ್ತಿ ಉಂಟು ಅಂತ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಜೋಡಿಸಿ ಓದಿದರು, "ಬೀಡಿ ಬೇಡ". ಒಂದು ಕ್ಷಣ ಎಲ್ಲ ಸುಮ್ಮನಾದರು. "ಬೀಡಿ ಬೇಡ ಅಂದ್ರೆ ಊಟ ಯಾರು ಹಾಕ್ತಾರೆ?" ಅಂತ ಇನ್ನೊಬ್ಬರು ಕೇಳಿದರು. ಅವತ್ತು ಕ್ಲಾಸ್ ಎಂಟೂವರೆಗೆ ಮುಗಿಯಲಿಲ್ಲ. ಕೆಮ್ಮಿನ ಬಗ್ಗೆ, ಎಲೆ ಕಡಿಮೆ ಕೊಡುವ ಬಗ್ಗೆ, ಮಗಳನ್ನು ಈ ಕೆಲಸಕ್ಕೆ ಹಾಕಬಾರದು ಅನ್ನುವ ಬಗ್ಗೆ ಒಂಬತ್ತೂಕಾಲರವರೆಗೆ ಮಾತಾಡಿದರು. ನಾನು ಮೂಲೆಯಲ್ಲಿ ಅಂಗನವಾಡಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತು ಕೇಳಿದೆ.

ಲೆಕ್ಕದಲ್ಲಂತೂ ಅವರೇ ನನಗೆ ಪಾಠ ಹೇಳಿದರು. ಬೀಡಿ ಒಂದು ಕಟ್ಟಿಗೆ 25. ಎಷ್ಟು ಸಾವಿರಕ್ಕೆ ಎಷ್ಟು ಕಟ್ಟು ಅಂತ ಕೇಳಿದರೆ ಬಾಯಿ ಮುಚ್ಚುವುದರೊಳಗೆ ಉತ್ತರ. 700 ಅಂದೆ, 28 ಅಂದರು. ಅದನ್ನೇ ಭಾಗಾಕಾರ ಅಂತ ಬೋರ್ಡಿಗೆ ಬರೆದೆ, 700 ಭಾಗಿಸು 25. ಅದೇ ಅಕ್ಕ ತಲೆ ತಗ್ಗಿಸಿ ಗೊತ್ತಿಲ್ಲ ಅಂದರು. ಗೊತ್ತಿಲ್ಲದ್ದು ಲೆಕ್ಕ ಅಲ್ಲ, ಆ ಗೆರೆ ಮತ್ತು ಚುಕ್ಕೆ. ಸೊನ್ನೆಯಿಂದ ಶುರು ಮಾಡುವುದು ಮಕ್ಕಳಿಗೆ ಸರಿ, ಇವರಿಗೆ ಅದು ಅವಮಾನ. ಅಂಕಿ ಓದಲು ಕಲಿತ ಮೇಲೆ ಆ ಅಕ್ಕ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಪುಸ್ತಕ ತಂದು ತೋರಿಸಿದರು. 650 ಅಂತ ಬರೆದಿತ್ತು. ತಾನು ಕೊಟ್ಟದ್ದು 700 ಅಂತ ಅವರ ನೆನಪು. ಐವತ್ತು ಸರಿ ಇಲ್ಲ ಅಂತ ತೆಗೆದಿದ್ದರಂತೆ, ಹೇಳಿರಲಿಲ್ಲ. ಮುಂದಿನ ವಾರದಿಂದ ಬರೆಯುವಾಗಲೇ ಪಕ್ಕದಲ್ಲಿ ನಿಂತು ಓದಲು ಶುರು ಮಾಡಿದರು. ಆ ಪುಸ್ತಕಕ್ಕಿಂತ ಒಳ್ಳೆಯ ಪಾಠಪುಸ್ತಕ ಯಾವುದೂ ನನಗೆ ಸಿಕ್ಕಿಲ್ಲ.

ನಮ್ಮ ಜಿಲ್ಲೆಗೆ ಇದೆಲ್ಲ ಯಾಕೆ, ನೀವು ಬುದ್ಧಿವಂತರ ಜಿಲ್ಲೆಯಲ್ವಾ ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. ನಾವೂ ಅದನ್ನು ನಂಬಿ ಕೂತಿದ್ದೇವೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57, ಉಡುಪಿಯದ್ದು 86.24. ಚಂದವೇ. ಆದರೆ ಏಳು ವರ್ಷ ದಾಟಿದವರಲ್ಲಿ ಉಳಿದ ಶೇಕಡಾ ಹನ್ನೊಂದೂವರೆ ಅಂದರೆ ದಕ್ಷಿಣ ಕನ್ನಡ ಒಂದರಲ್ಲೇ ಸುಮಾರು ಎರಡು ಲಕ್ಷ ಮಂದಿ. ಈ ಒಳ್ಳೆಯ ಅಂಕಿಯೇ ನಮಗೆ ಅಡ್ಡ ಬಂದದ್ದುಂಟು. 2009ರಲ್ಲಿ ಸಾಕ್ಷರ ಭಾರತ್ ಅಂತ ಕೇಂದ್ರದ ಯೋಜನೆ ಬಂದಾಗ, 2001ರ ಜನಗಣತಿಯಂತೆ ವಯಸ್ಕ ಹೆಂಗಸರ ಸಾಕ್ಷರತೆ ಶೇಕಡಾ 50 ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳನ್ನು ಮುಖ್ಯವಾಗಿ ಆರಿಸಿದರು. ನ್ಯಾಯವೇ. ನಾವು ಪಾಸಾದ ಕಾರಣ ಹೊರಗೆ ಉಳಿದೆವು. 2018ರ ಮಾರ್ಚ್‌ಗೆ ಆ ಯೋಜನೆಯೂ ಮುಗಿಯಿತು, ಪಂಚಾಯತಿಗಳಲ್ಲಿ ತಿಂಗಳಿಗೆ ಎರಡು ಸಾವಿರಕ್ಕೆ ದುಡಿದ ಪ್ರೇರಕರು ಮನೆಗೆ ಹೋದರು. ಅವರು ಕಲಿತ ಅನುಭವ ಎಲ್ಲಿ ಬರೆದಿಟ್ಟಿದೆ?

ಹರೇಕಳದ ಹಾಜಬ್ಬರು ನಮ್ಮವರು. ಬಸ್‌ಸ್ಟಾಂಡಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು ಅರ್ಥವಾಗಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಂಡು ಊರ ಮಕ್ಕಳಿಗೆ ಶಾಲೆಯನ್ನೇ ಕಟ್ಟಿಸಿದರು, 2020ರ ಪದ್ಮಶ್ರೀ ಅವರಿಗೆ ಬಂತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅವರ ಕಾಳಜಿ ಮಕ್ಕಳಿಗೆ ಮುಟ್ಟಿತು. ಅವರ ಓರಗೆಯವರು, ಅದೇ ಬಸ್‌ಸ್ಟಾಂಡಿನಲ್ಲಿ ಹಣ್ಣು ಮೀನು ಮಾರುತ್ತಾ, ಬಸ್ಸಿನ ಬಣ್ಣ ನೋಡಿ, ಕಂಡಕ್ಟರ್ "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಕೂಗುವುದನ್ನು ಕೇಳಿ ಹತ್ತುವವರು ಇನ್ನೂ ಇದ್ದಾರೆ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟ ಊರಿದು. ಜುಲೈ ಒಂದಕ್ಕೆ ಪತ್ರಿಕಾ ದಿನ ಅಂತ ಭಾಷಣ ಮಾಡುತ್ತೇವೆ. ನನ್ನ ಕ್ಲಾಸಿನ ಅಕ್ಕ ನಲವತ್ತು ವರ್ಷ ಪೇಪರಿನಲ್ಲಿ ಬಂಗುಡೆ ಕಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಎಂತ ಬರೆದಿದೆ ಅಂತ ಮೊದಲ ಸಲ ಓದಿದ್ದು ಹೋದ ವರ್ಷ. ಓದಿದ್ದು ಯಾವುದೋ ಜವಳಿ ಅಂಗಡಿಯ ಜಾಹೀರಾತು, ಆದರೂ ಇಡೀ ಕ್ಲಾಸಿಗೆ ಚಕ್ಕುಲಿ ಹಂಚಿದರು.

ಕಲಿಯುವವರ ಪರೀಕ್ಷೆಗೆ ಹೋದ ದಿನದ್ದೂ ಒಂದು ಮಾತು. ಒಂದು ಶಾಲೆ, ಹೆಸರು ಬೇಡ. ನಾಲ್ಕನೇ ಕ್ಲಾಸಿನ ಬೆಂಚು. ಮಂಡಿನೋವಿನವರು ಕೂತರೆ ಎದ್ದೇಳಲು ಆಗುವುದಿಲ್ಲ. ಮೇಲ್ವಿಚಾರಣೆಗೆ ಬಂದವರು ಚಿಕ್ಕ ಹುಡುಗ, "ಏಯ್, ಮಾತಾಡ್ಬಾರ್ದು, ಆಚೆ ಈಚೆ ನೋಡ್ಬಾರ್ದು" ಅಂತ ಗದರಿದ. ಗದರಿದ್ದು ತನ್ನ ಅಮ್ಮನಿಗಿಂತ ದೊಡ್ಡವರಿಗೆ. ನಮ್ಮವರಲ್ಲೊಬ್ಬರು ಪೆನ್ನು ಕೆಳಗಿಟ್ಟು ಎದ್ದು ಹೋದರು. ಅವರಿಗೆ ಅರವತ್ತು ಅಂಕವಾದರೂ ಬರುತ್ತಿತ್ತು. ನಾನು ಹಿಂದೆ ಓಡಿ ಗೇಟಿನ ಹತ್ತಿರ ಹಿಡಿದೆ. "ಸಣ್ಣವಳಿರುವಾಗ ಶಾಲೆ ಬಿಟ್ಟದ್ದೂ ಹೀಗೇ ಬೈದ ಕಾರಣಕ್ಕೆ ಟೀಚರೇ" ಅಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನನ್ನ ಬೇಡಿಕೆ ಕೇಳಿ. ಕನ್ನಡದಲ್ಲಿ, ವಯಸ್ಕರಿಗೆ ಕಲಿಸುವವರಿಗೆ ಒಂದು ಅರ್ಹತಾ ಪರೀಕ್ಷೆ ಇಡಿ. ಕಡ್ಡಾಯ ಬೇಡ. ಕಡ್ಡಾಯ ಮಾಡಿದರೆ ಈಗ ಬರುತ್ತಿರುವ ನಾಲ್ಕು ಸ್ವಯಂಸೇವಕರೂ ಓಡಿ ಹೋಗುತ್ತಾರೆ, ಅದು ನನಗೂ ಗೊತ್ತು. ಬೇಕಾದವರು ಬರೆಯಲಿ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ವಯಸ್ಕರ ಶಿಕ್ಷಣದ ಮೇಲೆ ಎಂ.ಎ. ಮಾಡಬಹುದಲ್ಲ ಅಂತ ಒಬ್ಬರು ಹೇಳಿದರು. ಮಾಡಬಹುದು, ಆದರೆ ಅಂಗನವಾಡಿಯಲ್ಲಿ ಸಂಜೆ ಕ್ಲಾಸ್ ಮಾಡುವ ಪಿಯುಸಿ ಕಲಿತ ಹುಡುಗಿಗೆ ಎಂ.ಎ. ದಾರಿಯಲ್ಲ. ಅವಳಿಗೆ ಬೇಕಾದದ್ದು ಅವಳ ಭಾಷೆಯಲ್ಲಿ ನೂರು ಪುಟ.

ಪರೀಕ್ಷೆಯೇ ಯಾಕೆ, ಬರೀ ತರಬೇತಿ ಸಾಲದಾ ಅಂತ ನೀವು ಕೇಳಬಹುದು. ನಿಜ ಹೇಳುತ್ತೇನೆ, ನನಗೆ ಪರೀಕ್ಷೆಯ ಮೇಲೆ ದೊಡ್ಡ ಪ್ರೀತಿಯಿಲ್ಲ. 86 ಬಂದು ಫೇಲಾದವಳು ನಾನು. ಆದರೆ ನಮ್ಮಲ್ಲಿ ಪರೀಕ್ಷೆ ಇಲ್ಲದ ವಿಷಯಕ್ಕೆ ಪುಸ್ತಕ ಬರುವುದು ಕಷ್ಟ. ಪರೀಕ್ಷೆ ಅಂತ ಒಂದು ಪ್ರಕಟಣೆ ಹೊರಟರೆ ಪಠ್ಯಕ್ರಮ ಬರೆಯಲೇಬೇಕಾಗುತ್ತದೆ, ಪಠ್ಯಕ್ರಮ ಬಂದರೆ ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ ಗೈಡು ನೇತಾಡುತ್ತದೆ, ಯೂಟ್ಯೂಬಿನಲ್ಲಿ ಯಾರಾದರೂ ಪಾಠ ಹಾಕುತ್ತಾರೆ, ಟೀಚರುಗಳ ಜಿಲ್ಲಾ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಯಾರಿಗಾದರೂ ಆ ಕೆಲಸ ವಹಿಸುತ್ತಾರೆ. ತರಬೇತಿ ಬೇಕು ಅಂತ ಕೇಳಿದಾಗ ಸಿಕ್ಕಿದ್ದು ಚಾ. ಪರೀಕ್ಷೆ ಇದ್ದಿದ್ದರೆ ಕನಿಷ್ಠ ಅರ್ಜಿ ಫಾರಂ ಆದರೂ ಸಿಗುತ್ತಿತ್ತು.

ಪ್ರಶ್ನೆಪತ್ರಿಕೆ ಮಾಡುವವರಿಗೆ ಕೈಮುಗಿದು ಕೇಳುತ್ತೇನೆ, ವಯಸ್ಕರ ಕಲಿಕೆಯ ಸಿದ್ಧಾಂತವನ್ನು ಅಮೆರಿಕದಲ್ಲಿ ಜನಪ್ರಿಯ ಮಾಡಿದವರು ಯಾರು, ಉತ್ತರ ಮಾಲ್ಕಮ್ ನೋಲ್ಸ್, ರಾಷ್ಟ್ರೀಯ ಸಾಕ್ಷರತಾ ಮಿಷನ್ ಯಾವ ವರ್ಷ, ಉತ್ತರ 1988, ಸಾಕ್ಷರತಾ ದಿನ ಯಾವತ್ತು, ಉತ್ತರ ಸೆಪ್ಟೆಂಬರ್ 8, ಇಷ್ಟಕ್ಕೇ ಮುಗಿಸಬೇಡಿ. ಇವನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೇನೆ, ಒಂದೂ ಕ್ಲಾಸಿನಲ್ಲಿ ಉಪಯೋಗಕ್ಕೆ ಬಂದಿಲ್ಲ. ಅರ್ಧ ಅಂಕ ಕಾಗದದ ಮೇಲೆ ಇಡಿ, ಅರ್ಧ ಅಂಕವನ್ನು ಯಾರಾದರೂ ಬಂದು ಕ್ಲಾಸಿನಲ್ಲಿ ಒಂದು ಸಂಜೆ ಕೂತು ನೋಡಿ ಕೊಡಲಿ. ಕೋಚಿಂಗ್ ಸೆಂಟರಿನವರಿಗೆ ಅದನ್ನು ಹೇಳಿಕೊಡಲು ಆಗುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಈಗ 112 ಪ್ರಶ್ನೆ ಇವೆ. ಕೆಲವಕ್ಕೆ ಉತ್ತರವೇ ಬರೆದಿಲ್ಲ. ಮೀನುಗಾರಿಕೆಯ ರಜೆ ಜೂನ್ ಒಂದರಿಂದ ಜುಲೈ 31, ಅರವತ್ತೊಂದು ದಿನ ಬೋಟಿನವರ ಮನೆಯಲ್ಲಿ ಪುರುಸೊತ್ತು, ಆದರೆ ಆಗಲೇ ಜಡಿಮಳೆ, ಅಂಗನವಾಡಿ ಸೋರುತ್ತದೆ, ಹಾಗಾದರೆ ನಿಮ್ಮ ವರ್ಷದ ಪಾಠದ ಯೋಜನೆ ಹೇಗೆ? ಗಂಡ ಬೇಡ ಅಂದ ಕಾರಣ ಬರುವುದು ನಿಲ್ಲಿಸಿದವರ ಮನೆಗೆ ನೀವು ಹೋಗುತ್ತೀರಾ, ಹೋದರೆ ಮೊದಲು ಯಾರ ಹತ್ತಿರ ಮಾತಾಡುತ್ತೀರಿ? ಸೈನ್ ಹಾಕಲು ಕಲಿತ ಮರುದಿನ ಇನ್ನು ಸಾಕು ಅಂತ ಹೇಳಿದವರನ್ನು ಉಳಿಸಿಕೊಳ್ಳುವುದು ಹೇಗೆ, ಅಥವಾ ಉಳಿಸಿಕೊಳ್ಳಬೇಕಾ? ಕೊನೆಯದ್ದಕ್ಕೆ ನಾನು ಮೂರು ಸಲ ಬೇರೆ ಬೇರೆ ಉತ್ತರ ಬರೆದು ಮೂರನ್ನೂ ಹೊಡೆದು ಹಾಕಿದ್ದೇನೆ.

ಬೇಕಾದರೆ ನೋಟ್‌ಬುಕ್ಕಿನ ಜೆರಾಕ್ಸ್ ಮಾಡಿ ಕಳಿಸುತ್ತೇನೆ, ಅಕ್ಷರ ಸ್ವಲ್ಪ ಕೋಳಿಕಾಲು. ಅದಕ್ಕಿಂತ ನೀವೇ ಒಮ್ಮೆ ಬಂದು ನೋಡಿದರೆ ಒಳ್ಳೆಯದು. ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಏಳಕ್ಕೆ. ದೊಡ್ಡವರು ಕೂರುವಂಥ ಕುರ್ಚಿ ಇಲ್ಲ, ಚಾಪೆ ಉಂಟು. ಚಾಳೀಸು ಬೇಕಾಗುವ ವಯಸ್ಸಿನವರಾದರೆ ತಂದುಕೊಳ್ಳಿ, ನನ್ನದನ್ನು ಈಗ ಮೂವರು ಹಂಚಿಕೊಳ್ಳುತ್ತಿದ್ದಾರೆ. ಈ ಶುಕ್ರವಾರ ಮಾತ್ರ ಬರಬೇಡಿ. ಊರಲ್ಲಿ ದೈವದ ನೇಮ ಉಂಟು, ಕ್ಲಾಸ್ ಇಜ್ಜಿ.

ಇಂತಿ,
ಕೂಳೂರಿನ ಒಬ್ಬಳು ಸಂಜೆ ಕ್ಲಾಸಿನ ಟೀಚರ್